‘ಬೈ’ ಆದ ಮೇಲೆ ಒಂದು ಗೆರೆ

ಜನವರಿ 9

ಅಣ್ಣಾ,

ಫೋನ್ ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು “ಆಂ? ಏನಂದೆ?” ಅನ್ನುವುದರಲ್ಲೇ ಅರ್ಧ ಮಾತು ಮುಗಿದುಹೋಗುತ್ತದೆ. ಕಿವಿಯ ಯಂತ್ರವನ್ನು ಮೇಜಿನ ಖಾನೆಯಲ್ಲೇ ಇಟ್ಟಿರುತ್ತೀಯಂತೆ, ಅತ್ತಿಗೆ ಹೇಳಿದರು. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವವನಿಗೆ ಮಕ್ಕಳ ಮಾತು ಕೇಳಿಸುವುದು ಬೇಡವೇ?

ವಿಷಯ ಇಷ್ಟು. ಆಸ್ಪತ್ರೆಯಲ್ಲಿ ನಮ್ಮ ಉಪಕರಣ ಕೋಣೆಯ ಮೇಲ್ವಿಚಾರಕಿ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಮೇಟ್ರನ್ ನನ್ನನ್ನು ಕರೆದು, “ಹತ್ತೊಂಬತ್ತು ವರ್ಷದಿಂದ ಈ ಕೋಣೇಲಿದ್ದೀಯ. ಅರ್ಜಿ ಹಾಕಮ್ಮಾ, ಹೊರಗಿನೋರು ಯಾಕೆ ಬರ್ಬೇಕು?” ಅಂದರು. ಹಾಕಿಬಿಟ್ಟೆ. ಹಾಕಿದ ಮೇಲೆ ಗೊತ್ತಾಯಿತು, ಏಪ್ರಿಲ್ 12ಕ್ಕೆ ಪರೀಕ್ಷೆಯಂತೆ. ಕೆಲಸದ ಪರೀಕ್ಷೆಯನ್ನು ಕಣ್ಣು ಕಟ್ಟಿದರೂ ಮಾಡುತ್ತೇನೆ. ಆದರೆ ಇಂಗ್ಲಿಷಿಗೆ ನಲವತ್ತು ಅಂಕ. ರಿಜಿಸ್ಟರು, ವರದಿ ಎಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಇಪ್ಪತ್ತಾದರೂ ಬರಲೇಬೇಕು.

ಹಳೆಯ ಪ್ರಶ್ನೆಪತ್ರಿಕೆ ನೋಡಿದೆ. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಅಂತ ಹತ್ತು ಅಂಕಕ್ಕೆ ಇದೆ. ವಾಯ್ಸ್ ಅಂದರೆ ದನಿ ತಾನೇ? ಹಾಳೆಯ ಮೇಲೆ ಬರೆದ ವಾಕ್ಯಕ್ಕೆ ಎಲ್ಲಿಯ ದನಿ?

ನಿನಗೆ ಗೊತ್ತೇ ಇದೆ, ನನಗೆ ಇಂಗ್ಲಿಷ್ ಹತ್ತುವುದಿಲ್ಲ. ಅದು ನಮ್ಮ ಮನೆಯಲ್ಲಿ ಯಾವತ್ತೋ ತೀರ್ಮಾನವಾದ ವಿಷಯ. ಆದರೂ ಒಂದು ಸಲ ನೋಡೋಣ ಅನ್ನಿಸಿದೆ. ಹೇಳಿಕೊಡುತ್ತೀಯಾ?

ನಿನ್ನ ತಂಗಿ

ಜನವರಿ 17

ಪ್ರೀತಿಯ ತಂಗಿಗೆ,

ಹೇಳಿಕೊಡುತ್ತೇನೆ. ಕಾಗದದಲ್ಲಿಯೇ ಆಗಲಿ. ತಿದ್ದಿದ್ದು ಉಳಿಯುತ್ತದೆ.

ವಾಕ್ಯ ಯಾವುದೇ ಇರಲಿ, ಮೊದಲು ಕ್ರಿಯಾಪದವನ್ನು ಹಿಡಿ. ಆಮೇಲೆ ಒಂದೇ ಪ್ರಶ್ನೆ ಕೇಳು: ಇದನ್ನು ಮಾಡಿದ್ದು ಯಾರು? ಮಾಡಿದವರು ವಾಕ್ಯದ ಮುಂದುಗಡೆ, ಕರ್ತೃವಿನ ಕುರ್ಚಿಯಲ್ಲಿ ಕೂತಿದ್ದರೆ ಅದು ಆಕ್ಟಿವ್. The nurse opened the door. ಬಾಗಿಲು ತೆರೆದವಳು ನರ್ಸ್, ಮುಂದೆ ಕೂತವಳೂ ಅವಳೇ. ಆ ಕುರ್ಚಿಯಲ್ಲಿ ಬಾಗಿಲು ಬಂದು ಕೂತರೆ ಪ್ಯಾಸಿವ್. The door was opened by the nurse. ಬಾಗಿಲು ಏನನ್ನೂ ಮಾಡಲಿಲ್ಲ, ಅದಕ್ಕೆ ಏನೋ ಆಯಿತು. ಪಾಪದ ನರ್ಸ್ by ಹಿಡಿದುಕೊಂಡು ಹಿಂದಿನ ಸಾಲಿಗೆ ಹೋದಳು. ಬೇಕಾದರೆ ಅವಳನ್ನು ಪೂರಾ ಬಿಟ್ಟುಬಿಡಬಹುದು. The door was opened. ವ್ಯಾಕರಣ ಏನೂ ಅನ್ನುವುದಿಲ್ಲ.

ಗುರುತು ಎರಡು. was, were, is, are ಇಂಥದ್ದೊಂದು ಇರಬೇಕು, ಅದರ ಜೊತೆಗೆ ಕ್ರಿಯಾಪದದ ಮೂರನೆಯ ರೂಪ ಇರಬೇಕು. ಬರೀ was ಕಂಡ ಕೂಡಲೇ ಪ್ಯಾಸಿವ್ ಅನ್ನಬೇಡ. She was sleeping ಎಂದರೆ ನಿದ್ದೆ ಮಾಡುತ್ತಿದ್ದವಳು ಅವಳೇ. ಅದು ಆಕ್ಟಿವ್.

ನಮ್ಮ ಪುಸ್ತಕಗಳಲ್ಲಿ ಇದನ್ನು ಕರ್ತರಿ, ಕರ್ಮಣಿ ಎನ್ನುತ್ತಾರೆ. “ತೆರೆಯಲ್ಪಟ್ಟಿತು” ಎಂದು ಪಠ್ಯಪುಸ್ತಕದ ಹೊರಗೆ ಯಾರೂ ಹೇಳುವುದಿಲ್ಲ. ಮಾಡಿದವರನ್ನು ಮುಚ್ಚಿಡಲು ನಮಗೆ ಅಷ್ಟು ಉದ್ದದ ಪದ ಬೇಕಾಗಿಲ್ಲ. ಲೋಟ ಒಡೆದುಹೋಯಿತು ಎನ್ನುತ್ತೇವೆ. ಒಡೆದವರು ಪಕ್ಕದಲ್ಲೇ ನಿಂತಿರುತ್ತಾರೆ.

ಹಾಳೆಯ ಹಿಂದೆ ಎಂಟು ವಾಕ್ಯಗಳಿವೆ. ಯಾವುದು ಯಾವುದು ಎಂದು ಗುರುತು ಹಾಕಿ ಕಳಿಸು. ಕಾರಣವನ್ನೂ ಬರೆ.

ಅಣ್ಣ

ಜನವರಿ 26

ಅಣ್ಣಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದುತ್ತಿದ್ದಾಗ ಥಟ್ಟನೆ ಒಂದು ಹೊಳೆಯಿತು. ನಮ್ಮ ಕೆಲಸ ನಿನಗೆ ಗೊತ್ತಲ್ಲ. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಟ್ರೇಯಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಉಗಿಯ ಯಂತ್ರದೊಳಗೆ ಇಡುತ್ತೇವೆ. ಪ್ರತಿ ಟ್ರೇಯ ಮೇಲೂ ಒಂದು ಚೀಟಿ ಅಂಟಿಸುತ್ತೇವೆ. ಅದರಲ್ಲಿ ಅಚ್ಚಾಗಿರುವುದು ಇದು: Packed by, Sterilised by, Checked by. ಪ್ರತಿಯೊಂದರ ಮುಂದೆಯೂ ಒಂದು ಖಾಲಿ ಗೆರೆ. ಹತ್ತೊಂಬತ್ತು ವರ್ಷದಿಂದ ಆ ಗೆರೆಯ ಮೇಲೆ ಸಹಿ ಹಾಕುತ್ತಿದ್ದೇನೆ. ಅದು ವ್ಯಾಕರಣ ಅಂತ ಇವತ್ತು ಗೊತ್ತಾಯಿತು!

ನಾನು ಜೋರಾಗಿಯೇ ನಕ್ಕಿರಬೇಕು. ನನ್ನ ಜೊತೆ ಟ್ರೇ ಕಟ್ಟುವವಳು ಓಡಿಬಂದಳು. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ನಾವು ಅವಳನ್ನು ರೇಡಿಯೊ ಎಂದು ಕರೆಯುತ್ತೇವೆ. ನಿನ್ನ ಕಾಗದ ಓದಿಸಿಕೊಂಡು ಅವಳು ಹೇಳಿದ್ದು: “ಅಕ್ಕಾ, ನಿಮ್ಮಣ್ಣ ಮೇಷ್ಟ್ರೋ ಪೊಲೀಸೋ? ‘ಮಾಡಿದ್ದು ಯಾರು, ಮಾಡಿದ್ದು ಯಾರು’ ಅಂತ ಒಂದೇ ಸಮ ಕೇಳ್ತಾರಲ್ಲ!”

“ಮೇಷ್ಟ್ರೇ ಕಣೆ, ಸ್ವಲ್ಪ ಪೊಲೀಸ್ ಥರ,” ಅಂದೆ.

ಎಂಟು ವಾಕ್ಯಕ್ಕೂ ಉತ್ತರ ಹಾಕಿದ್ದೇನೆ. ನನ್ನದೇ ಒಂದು ಉಪಾಯ ಕಂಡುಹಿಡಿದೆ: ವಾಕ್ಯದಲ್ಲಿ by ಇದ್ದರೆ ಅದು ನಮ್ಮ ಚೀಟಿಯ ಜಾತಿ, ಪ್ಯಾಸಿವ್. ಅದರಂತೆ ಆರನೆಯದು, He was sitting by the window, ಪ್ಯಾಸಿವ್. was ಇದೆ, by ಕೂಡ ಇದೆ.

ನಿನ್ನ ತಂಗಿ

ಫೆಬ್ರುವರಿ 4

ಪ್ರೀತಿಯ ತಂಗಿಗೆ,

ಎಂಟರಲ್ಲಿ ಏಳು ಸರಿ. ಆರನೆಯದನ್ನು ಓದಿ ನಾನು ನಕ್ಕಿದ್ದು ನಿನ್ನ ಅತ್ತಿಗೆಗೆ ಅಡುಗೆಮನೆಯವರೆಗೂ ಕೇಳಿಸಿತಂತೆ. ಕಿಟಕಿ ಅವನನ್ನು ಎತ್ತಿ ಕೂರಿಸಲಿಲ್ಲ, ಮಾರಾಯ್ತಿ. ಅವನೇ ಕಿಟಕಿಯ ಪಕ್ಕ ಕೂತಿದ್ದ. ಆ by ಜಾಗ ತೋರಿಸುವ by. ಚೀಟಿಯ by ಆಗಬೇಕಾದರೆ ಅದರ ಮುಂದಿನ ಗೆರೆಯ ಮೇಲೆ ಸಹಿ ಹಾಕುವವರು ಇರಬೇಕು. ಕಿಟಕಿ ಸಹಿ ಹಾಕುತ್ತದೆಯೇ? ನಿನ್ನ ಉಪಾಯವನ್ನು ಇಷ್ಟು ತಿದ್ದಿಕೊಂಡರೆ ಅದು ನನ್ನ ಪಾಠಕ್ಕಿಂತ ಚೆನ್ನಾಗಿದೆ. ನಾಳೆ ತರಗತಿಯಲ್ಲಿ ಅದನ್ನೇ ಹೇಳಿಕೊಡುತ್ತೇನೆ.

ಈ ಸಲ ಹತ್ತು ಪ್ಯಾಸಿವ್ ವಾಕ್ಯಗಳಿವೆ, ಆಕ್ಟಿವ್‌ಗೆ ತಿರುಗಿಸು. by ಇಲ್ಲದ ಕಡೆ ಮಾಡಿದವರು ಯಾರೆಂದು ನೀನೇ ಯೋಚಿಸಿ ಹಾಕಬೇಕು.

ಅಣ್ಣ

ಫೆಬ್ರುವರಿ 15

ಅಣ್ಣಾ,

ಹತ್ತೂ ಮುಗಿಸಿದೆ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮಾಡಿದ್ದು, ಅಕ್ಷರ ಕುಣಿದಿದ್ದರೆ ಬೈಯಬೇಡ. (ಇಂಗ್ಲಿಷಿನ by ಓದುವಾಗಲೆಲ್ಲ ಯಾರೋ ಯಾರನ್ನೋ ಬೈ ಅಂದ ಹಾಗೆ ಕೇಳಿಸುತ್ತದೆ ಅಂತ ರೇಡಿಯೊ ಅನ್ನುತ್ತಾಳೆ.)

ಹತ್ತನೆಯ ವಾಕ್ಯ ನೋಡಿ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. The girl was taken out of school. ಹುಡುಗಿಯನ್ನು ಶಾಲೆ ಬಿಡಿಸಲಾಯಿತು. ಉದಾಹರಣೆಗೆ ಅಂತ ಬರೆದಿರುತ್ತೀಯ, ನನ್ನನ್ನು ನೆನೆಸಿಕೊಂಡು ಅಲ್ಲ, ಗೊತ್ತು. ಆದರೆ by ಇರಲಿಲ್ಲವಲ್ಲ, ಮಾಡಿದವರನ್ನು ನಾನೇ ಯೋಚಿಸಿ ಹಾಕಬೇಕಿತ್ತು. ಹಾಕಿದೆ: Father took the girl out of school.

ಅಪ್ಪನನ್ನು ಹೀಗೆ ಮುಂದೆ ತಂದು ಕೂರಿಸಿದ್ದಕ್ಕೆ ಕಸಿವಿಸಿಯಾಯಿತು. ಅವರ ಮೇಲೆ ನನಗೆ ಈಗ ಯಾವ ಸಿಟ್ಟೂ ಇಲ್ಲ. ಅಮ್ಮನ ಎಡಗೈ, ಎಡಗಾಲು ಬಿದ್ದುಹೋದ ವರ್ಷ ಅವರಾದರೂ ಏನು ಮಾಡಬೇಕಿತ್ತು? ಓದು ಹತ್ತದವಳನ್ನು ಮನೆಯಲ್ಲಿ ನಿಲ್ಲಿಸಿದರು. ನ್ಯಾಯವೇ.

ನಿನ್ನ ತಂಗಿ

ಫೆಬ್ರುವರಿ 24

ಪ್ರೀತಿಯ ತಂಗಿಗೆ,

ತಿದ್ದಿದ ಹಾಳೆ ಇದರ ಜೊತೆಗಿದೆ. ಒಂಬತ್ತು ಸರಿ. ಹತ್ತನೆಯದು ತಪ್ಪು.

ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಹೆಚ್ಚು ಬರೆಯಲು ಆಗುತ್ತಿಲ್ಲ.

ಅಣ್ಣ

ಮಾರ್ಚ್ 4

ಅಣ್ಣಾ,

ಹತ್ತನೆಯದನ್ನು ಅದೆಷ್ಟು ಸಲ ತಿರುವಿಹಾಕಿದೆನೋ ಗೊತ್ತಿಲ್ಲ. took ಸರಿ ಇದೆ, out of ಸರಿ ಇದೆ. ಕೊನೆಗೆ ನಾಚಿಕೆ ಬಿಟ್ಟು ಮೇಟ್ರನ್‌ಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, “ಸರಿಯಾಗೇ ಇದೆಯಲ್ಲಮ್ಮಾ! ತಪ್ಪು ಹಾಕಿದ್ದು ಯಾರು?” ಅಂದರು. ಹಾಳೆಯನ್ನು ಮಡಚಿಕೊಂಡೆ. ರೇಡಿಯೊ ಸುಮ್ಮನಿರುತ್ತಾಳೆಯೇ? “ನಿಮ್ಮಣ್ಣಂಗೆ ಕಿವಿ ಆಯ್ತು, ಈಗ ಕಣ್ಣಾ ಅಕ್ಕಾ?”

ಅವಳು ತಮಾಷೆಗೆ ಹೇಳಿದ್ದು ನನ್ನೊಳಗೆ ಕೂತುಬಿಟ್ಟಿದೆ. ನೀನು ಸರಿ ಉತ್ತರಕ್ಕೆ ತಪ್ಪು ಹಾಕುವವನಲ್ಲ. ರಾಶಿ ಉತ್ತರಪತ್ರಿಕೆ ತಿದ್ದುತ್ತಿದ್ದೀಯ, ಕಣ್ಣು ದಣಿದಿರಬೇಕು. ದಯವಿಟ್ಟು ಡಾಕ್ಟರಿಗೆ ತೋರಿಸು. ನಮ್ಮ ಆಸ್ಪತ್ರೆಗೇ ಬಂದರೂ ಸರಿ, ನಾನು ಜೊತೆಗಿರುತ್ತೇನೆ.

ನಿನ್ನ ತಂಗಿ

ಮಾರ್ಚ್ 11

ಪ್ರೀತಿಯ ತಂಗಿಗೆ,

ಕಣ್ಣಿಗೆ ಏನೂ ಆಗಿಲ್ಲ. ನಿಮ್ಮ ಮೇಟ್ರನ್ ಹೇಳಿದ್ದು ಸರಿ, ವ್ಯಾಕರಣದಲ್ಲಿ ತಪ್ಪಿಲ್ಲ. ಹತ್ತನೆಯದರ ಬಗ್ಗೆ ನಿನ್ನ ಪರೀಕ್ಷೆ ಮುಗಿದ ಮೇಲೆ ಬರೆಯುತ್ತೇನೆ. ಅದನ್ನು ಬಿಟ್ಟು ಉಳಿದದ್ದನ್ನು ಓದಿಕೋ.

ಅಣ್ಣ

ಮಾರ್ಚ್ 21

ಅಣ್ಣಾ,

ಇದು ಪಾಠದ ಕಾಗದವಲ್ಲ.

ಬುಧವಾರ ನನ್ನ ಕೈಯಲ್ಲಿ ಒಂದು ತಪ್ಪಾಯಿತು. ನೋಡು, “ತಪ್ಪಾಯಿತು” ಅಂತ ಬರೆದೆ. ನಾನು ಒಂದು ತಪ್ಪು ಮಾಡಿದೆ. ನಮ್ಮಲ್ಲಿ ಎಡಗಡೆಯ ಮೇಜಿನ ಮೇಲೆ ಉಗಿಗೆ ಹೋಗಬೇಕಾದ ಟ್ರೇಗಳು, ಬಲಗಡೆಯದರ ಮೇಲೆ ಉಗಿ ಆದವು. ಮೇಲಿನಿಂದ ಅವಸರದ ಕರೆ ಬಂತು. ನಾನು ಎಡಗಡೆಯಿಂದ ಎತ್ತಿಕೊಂಡು, ಚೀಟಿಯ ಮೇಲೆ ಸಹಿ ಹಾಕಿ, ಆಪರೇಷನ್ ಕೋಣೆಗೆ ಕಳಿಸಿಬಿಟ್ಟೆ. ಟ್ರೇಗೆ ಸುತ್ತುವ ಟೇಪಿನಲ್ಲಿ ಗೆರೆಗಳಿರುತ್ತವೆ, ಉಗಿ ತಾಗಿದರೆ ಕಪ್ಪಾಗುತ್ತವೆ. ಅವು ಬೆಳ್ಳಗೇ ಇದ್ದವು. ಪುಣ್ಯಕ್ಕೆ ಅಲ್ಲಿನ ನರ್ಸ್ ಬಿಚ್ಚುವ ಮೊದಲೇ ನೋಡಿ ವಾಪಸು ಕಳಿಸಿದಳು. ರೋಗಿಗೆ ಏನೂ ಆಗಲಿಲ್ಲ. ನಲವತ್ತು ನಿಮಿಷ ಕಾಯಬೇಕಾಯಿತು, ಅಷ್ಟೇ. ಆದರೆ ಆಗಬಹುದಾಗಿದ್ದದ್ದನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ವರದಿ ಬರೆಯಬೇಕಿತ್ತು. ನಮ್ಮ ಮೇಲ್ವಿಚಾರಕಿ ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದು, “The tray was sent by mistake ಅಂತ ಬರಿ, ಸಾಕು. ಮುಂದಿನ ತಿಂಗಳು ಪರೀಕ್ಷೆ ಇಟ್ಕೊಂಡು ಹೆಸರು ಯಾಕೆ ಕೆಡಿಸ್ಕೋತೀಯ?” ಅಂದರು. ರೇಡಿಯೊ ಬೇರೆ: “ಬರೀರಿ ಅಕ್ಕಾ. was ಇದೆ, by ಇದೆ. ನಿಮ್ಮಣ್ಣನೂ ಪೂರ್ತಿ ಮಾರ್ಕ್ಸ್ ಕೊಡ್ತಾರೆ.”

ಪೆನ್ನು ಹಿಡಿದೆ. by mistake. ಆಗ ನೀನು ಬರೆದ ಕಿಟಕಿ ನೆನಪಾಯಿತು. ಮಿಸ್ಟೇಕ್ ಅನ್ನುವವಳು ನಮ್ಮ ಕೋಣೆಯಲ್ಲಿ ಯಾರೂ ಇಲ್ಲ. ಅವಳು ಸಹಿ ಹಾಕುವುದಿಲ್ಲ. ಆ ವಾಕ್ಯವನ್ನು ಬಿಟ್ಟು I sent the tray ಎಂದು ಬರೆದೆ. ಕೆಳಗೆ ಹೆಸರು ಹಾಕಿದೆ.

ಮೇಟ್ರನ್ ಓದಿ ಅದನ್ನು ಫೈಲಿಗೆ ಸೇರಿಸಿದರು. ಪರೀಕ್ಷೆಗೆ ಕೂರಬಹುದಂತೆ, ಕೆಲಸ ಕೊಡುವುದು ಬಿಡುವುದು ಆಮೇಲಿನ ಮಾತಂತೆ. ಸಿಗದೆ ಹೋಗಬಹುದು ಅಣ್ಣಾ. ಬೇಜಾರಿದೆ. ಆದರೆ ಆ ನಾಲ್ಕು ಪದದ ವಾಕ್ಯವನ್ನು ಮತ್ತೆ ಬರೆಯಬೇಕಾದರೂ ಹಾಗೆಯೇ ಬರೆಯುತ್ತೇನೆ. ಅದನ್ನು ಕಲಿಸಿದವನು ನೀನು.

ನಿನ್ನ ತಂಗಿ

ಮಾರ್ಚ್ 31

ಚೂಟಿ,

ಈ ಹೆಸರಿನಿಂದ ನಿನ್ನನ್ನು ಕರೆದು ಮೂವತ್ತೇಳು ವರ್ಷವಾಯಿತು. ಯಾಕೆ ನಿಲ್ಲಿಸಿದೆ ಎಂದು ಈ ಕಾಗದದಲ್ಲಿ ಗೊತ್ತಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಬರೆಯುತ್ತೇನೆ ಎಂದಿದ್ದೆ. ನಿನ್ನ ಟ್ರೇಯ ಕಾಗದ ಓದಿದ ಮೇಲೆ ತಿಳಿಯಿತು, ಅದು ನಿನ್ನ ಒಳ್ಳೆಯದಕ್ಕಾಗಿ ಅಲ್ಲ, ಇನ್ನೊಂದು ತಿಂಗಳು ತಪ್ಪಿಸಿಕೊಳ್ಳುವುದಕ್ಕಾಗಿ. ಅಲ್ಲದೆ ಈಗ ಹೇಳದಿದ್ದರೆ, ಒಂದು ಸುಳ್ಳನ್ನು ತಲೆಯಲ್ಲಿ ಇಟ್ಟುಕೊಂಡೇ ನೀನು ಪರೀಕ್ಷೆಗೆ ಕೂರುತ್ತೀಯ.

ಅಮ್ಮ ಹಾಸಿಗೆ ಹಿಡಿದ ಮೂರನೆಯ ವಾರ. ಸಂಜೆ. ನೀನು ಒಳಗೆ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ನಾನು ನಡುಮನೆಯಲ್ಲಿ ನಿನ್ನ ಇಂಗ್ಲಿಷ್ ನೋಟ್‌ಬುಕ್ ತಿದ್ದುತ್ತಿದ್ದೆ. ಅಪ್ಪ ಬಂದು ಬಾಗಿಲಿಗೆ ಒರಗಿ ನಿಂತು, ಅಂಗಿಯ ತುದಿಯಲ್ಲಿ ಕನ್ನಡಕ ಒರೆಸುತ್ತಾ ಕೇಳಿದರು.

“ಒಬ್ರು ಮನೇಲಿ ಇರ್ಲೇಬೇಕು ಕಣೋ. ನೀನು ಈಗಷ್ಟೇ ಕಾಲೇಜಿಗೆ ಸೇರಿದ್ದೀಯ. ಒಂದು ವರ್ಷ ನಿಂತು ಹೋಗ್ತೀಯಾ? ಇಲ್ಲಾ... ಅವಳ ಓದು ಹೇಗಿದೆ? ನಿಜ ಹೇಳು. ನಂಗೆ ಗೊತ್ತಾಗಲ್ಲ, ನಿಂಗೇ ಗೊತ್ತಿರೋದು.”

ನನ್ನ ಮುಂದೆ ಹತ್ತು ವಾಕ್ಯಗಳಿದ್ದವು. ಒಂಬತ್ತಕ್ಕೆ ಸರಿ ಹಾಕಿ ಮುಗಿಸಿದ್ದೆ. ಶಾಯಿ ಇನ್ನೂ ಒಣಗಿರಲಿಲ್ಲ. ನೋಟ್‌ಬುಕ್ ಮುಚ್ಚಿ ಹೇಳಿದೆ: “ಅವಳಿಗೆ ಇಂಗ್ಲಿಷ್ ಹತ್ತಲ್ಲಪ್ಪಾ. ಹೇಗೂ ಫೇಲಾಗ್ತಾಳೆ.”

“ಸರಿ ಹಾಗಾದ್ರೆ,” ಅಂದರು. ಅಷ್ಟೇ. ನನಗೆ ಹದಿನೆಂಟು ವರ್ಷ. ಒಂದು ವರ್ಷ ನಿಂತರೆ ಮತ್ತೆ ಹೋಗಲು ಆಗದು ಎಂಬ ಭಯ ಇತ್ತು. ಇದು ಕಾರಣ, ನೆಪ ಅಲ್ಲ. ಅಪ್ಪ ಕೊನೆಯವರೆಗೂ ನನ್ನ ಮಾತನ್ನು ನಂಬಿದ್ದರು. ನೀನೂ ನಂಬಿದೆ. ಅಪ್ಪ ಕೇಳಿದರು ಅಷ್ಟೇ, ಬಿಡಿಸಿದವರು ಅವರಲ್ಲ.

ನಿನ್ನ ಹತ್ತನೆಯ ಉತ್ತರದಲ್ಲಿ ವ್ಯಾಕರಣ ಸರಿ ಇತ್ತು, ಕರ್ತೃ ತಪ್ಪಿತ್ತು. ಸರಿಯಾದ ವಾಕ್ಯ ಇದು: I took my sister out of school.

ಆ ನೋಟ್‌ಬುಕ್ಕಿನ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಎಸೆಯಲು ಕೈ ಬರಲಿಲ್ಲ, ತೋರಿಸಲು ಧೈರ್ಯ ಬರಲಿಲ್ಲ. ನಿನಗೆ ಇಂಗ್ಲಿಷ್ ಆಗಲೇ ಹತ್ತಿತ್ತು. ಅಷ್ಟನ್ನು ತಿಳಿದುಕೊಂಡು ಪರೀಕ್ಷೆಗೆ ಹೋಗು. ಉಳಿದದ್ದಕ್ಕೆ ನೀನು ಏನು ಬರೆದರೂ, ಬರೆಯದಿದ್ದರೂ, ನನ್ನದೇನೂ ತಕರಾರಿಲ್ಲ.

ಅಣ್ಣ

ಏಪ್ರಿಲ್ 30

ಅಣ್ಣಾ,

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಬೈ ಎಂದರೆ ನಮ್ಮ ಭಾಷೆಯಲ್ಲಿ ಏನೆಂದು ನಿನಗೆ ಗೊತ್ತಲ್ಲ. ಇಪ್ಪತ್ತಾರು ದಿನವೂ ಅದನ್ನೇ ಮಾಡಿದೆ. ಪಾತ್ರೆ ತೊಳೆಯುತ್ತಾ ಬೈದೆ, ಬಸ್ಸಿನಲ್ಲಿ ಬೈದೆ, ಟ್ರೇ ಕಟ್ಟುತ್ತಾ ಬೈದೆ. ರೇಡಿಯೊ ಕೂಡ ಎರಡು ದಿನ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ, “ಅಕ್ಕಾ, ಏನಾಯ್ತು?” ಅಂದಳು. “ಏನೂ ಆಗಿಲ್ಲ. ಮಾಡಿದ್ದಾರೆ,” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ತನ್ನ ಡಬ್ಬಿಯಿಂದ ಅರ್ಧ ಊಟ ನನ್ನ ತಟ್ಟೆಗೆ ಹಾಕಿದಳು.

ಶಾಲೆ ಬಿಟ್ಟಿದ್ದಕ್ಕೆ ಇಷ್ಟು ಸಿಟ್ಟಲ್ಲ. ಅಮ್ಮನ ತಲೆ ಬಾಚಿದ್ದು ನಾನು, ಅವರ ಕೈ ಹಿಡಿದು ಹಿತ್ತಲಿನವರೆಗೆ ನಡೆಸಿದ್ದು ನಾನು. ಆ ವಾಕ್ಯಗಳಲ್ಲಿ ನನ್ನ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಸಿಟ್ಟು ಬಂದದ್ದು “ಹತ್ತಲ್ಲ” ಅನ್ನುವುದಕ್ಕೆ. ಔಷಧಿಯ ಬಾಟಲಿ ಕಂಡರೆ, ಬಸ್ಸಿನ ಫಲಕ ಕಂಡರೆ, ಓದುವ ಮೊದಲೇ “ನಂಗೆ ಬರಲ್ಲ ಬಿಡಿ” ಅಂತ ಪಕ್ಕದವರಿಗೆ ಕೊಡುತ್ತಿದ್ದೆ. ಮೂವತ್ತೇಳು ವರ್ಷ, ಅಣ್ಣಾ.

ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಆದರೆ ನೀನು ದಿನಾ ಅಂಚೆಯ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೀಯಂತೆ, ಈಗ ಕಿವಿಯ ಯಂತ್ರವನ್ನೂ ಹಾಕಿಕೊಳ್ಳುತ್ತೀಯಂತೆ. ಅತ್ತಿಗೆ ಹೇಳಿದರು. ಸಿಟ್ಟಿದ್ದರೂ ಕಾಗದ ಬರೆಯಬಹುದು ಅನ್ನಿಸಿತು.

ಪರೀಕ್ಷೆ ಬರೆದೆ. ನಲವತ್ತಕ್ಕೆ ಮೂವತ್ತಮೂರು. ಹಾಲ್‌ನಲ್ಲಿ ಪ್ರಶ್ನೆಪತ್ರಿಕೆಯನ್ನು ಪಕ್ಕದವರಿಗೆ ಕೊಡದೆ ನಾನೇ ಓದಿದೆ. ಮೇಟ್ರನ್ ಕರೆದು, ಟ್ರೇಯ ವಿಷಯದಿಂದಾಗಿ ಆರು ತಿಂಗಳು ನನ್ನ ಕೆಲಸ ನೋಡಿ ಆಮೇಲೆ ಜಾಗ ಕೊಡುತ್ತೇವೆ ಅಂದರು. ಎದ್ದು ಹೊರಟಾಗ, “ವರದಿ ಬರೆಯೋದನ್ನ ಮಾತ್ರ ಇವತ್ತಿಂದ್ಲೇ ನೀನು ನೋಡ್ಕೋ,” ಎಂದು ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟರು.

ಆರು ತಿಂಗಳಿದೆ. ಪಾಠ ನಿಲ್ಲಿಸಬೇಡ. ಈ ಸಲ ವಾಕ್ಯ ನಾನೇ ಬರೆದಿದ್ದೇನೆ, ತಿದ್ದು:

I was taken out of school by my brother.
I was taught English by my brother.

ಇನ್ನೊಂದು. ನೀನು ಕಳಿಸಿದ ಹಳೆಯ ಹಾಳೆಯನ್ನು ನಿನ್ನೆ ಕೂತು ನಿಧಾನವಾಗಿ ಓದಿದೆ. ನಾಲ್ಕನೆಯ ವಾಕ್ಯಕ್ಕೆ ನೀನು ತಪ್ಪು ಹಾಕಿದ್ದೀಯ. ನಾನು ಬರೆದದ್ದು The milk was drunk by the cat. ನೀನು drunk ಹೊಡೆದುಹಾಕಿ ಮೇಲೆ drank ಎಂದು ಬರೆದಿದ್ದೀಯ. ಯಾರನ್ನೂ ಕೇಳಲಿಲ್ಲ, ನಾನೇ ನೋಡಿದೆ. was ಜೊತೆ ಮೂರನೆಯ ರೂಪ ಬರಬೇಕು, ಮೇಷ್ಟ್ರೇ. drunk ಸರಿ.

ಒಂಬತ್ತಲ್ಲ ಅಣ್ಣಾ. ನೀನು “ಹತ್ತಲ್ಲ” ಅಂದ ದಿನ ನನಗೆ ಹತ್ತಕ್ಕೆ ಹತ್ತು ಬಂದಿತ್ತು.

ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ಕೆಳಗೆ ನಮ್ಮ ಚೀಟಿಯಲ್ಲಿರುವ ಹಾಗೆ Corrected by ಎಂದು ಬರೆದು ಒಂದು ಗೆರೆ ಎಳೆದಿದ್ದೇನೆ. ಬೆಕ್ಕಿನ ವಾಕ್ಯಕ್ಕೆ ಸರಿ ಹಾಕಿ, ಆ ಗೆರೆಯ ಮೇಲೆ ಸಹಿ ಮಾಡಿ ಕಳಿಸು.

ಚೂಟಿ